ಮುಕ್ತ ಅಂದ್ರೆ ಯಾರಿಗೆ ಮುಕ್ತ ಸ್ವಾಮಿ?

ಇಲ್ಲಿ ಏನಾದರೂ ಬರೆದು ಬಹಳ ದಿನಗಳಾದವು. ಕೆಲಸದ ಒತ್ತಡ ಅಂತ ನೆಪ ಹೇಳಬಹುದಿತ್ತು. ನಿಜ ಏನಪ್ಪಾ ಅಂದರೆ, ತಲೆಯಲ್ಲಿ ಕೊರೆಯುತ್ತಿದ್ದ ವಿಷಯ ಬರೆದರೆ ನನ್ನ ಮರ್ಯಾದೆಯೇ ಹೋಗುತ್ತದೆ ಅಂತ ಸುಮ್ಮನಿದ್ದೆ. ಇವತ್ತು ಬರೆದೇ ಬಿಡುತ್ತೇನೆ.

ನಮ್ಮೂರು ಸಾಲಗುಂದ, ಸಿಂಧನೂರು ತಾಲೂಕು. ಹಿಂದೊಮ್ಮೆ ನಮ್ಮ ಕಡೆ ಒಂದು ಕಾರ್ಯಾಗಾರ ನಡೆಯಿತು. ಉಪಗ್ರಹದ ಚಿತ್ರ ಇಟ್ಟುಕೊಂಡು ಸವಳು ಭೂಮಿಯ ನಕಾಶೆ ಮಾಡುವುದು ಹೇಗೆ ಅಂತ. ಬಳಸಿದ್ದು ಕ್ಯೂಜಿಐಎಸ್. 2002ರಲ್ಲಿ ಗ್ಯಾರಿ ಶೆರ್ಮನ್ ಶುರುಮಾಡಿದ ಮುಕ್ತ ತಂತ್ರಾಂಶ. ಕಾಸು ಕೊಡಬೇಕಿಲ್ಲ, ಒಳಗಿನ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನಾನು ಅಲ್ಲಿ ಸಹಾಯಕ್ಕೆ ನಿಂತಿದ್ದೆ. ಸವಳು ಹತ್ತಿದ ಹೊಲವಿರುವ ನಮ್ಮ ಕಾಕಾನನ್ನೂ ಕರೆದುಕೊಂಡು ಹೋಗಿದ್ದೆ.

ಬೆಳಗಿನಿಂದ ಎಲ್ಲ ಇಂಗ್ಲಿಷಿನಲ್ಲೇ. ಮಧ್ಯಾಹ್ನ ಪರದೆಯ ಮೇಲೆ ಬಣ್ಣಬಣ್ಣದ ನಕಾಶೆ ಬಂತು. ಕಾಲುವೆ ತಿರುಗುವ ಜಾಗ ನೋಡಿ ಕಾಕಾ ತನ್ನ ಹೊಲ ಗುರುತಿಸಿಬಿಟ್ಟ. ಆ ತುಂಡಿಗೆ ತಂತ್ರಾಂಶ 'ಕೊಯ್ಲಾದ ಹೊಲ' ಅಂತ ಬಣ್ಣ ಬಳಿದಿತ್ತು. ಕಾಕಾ ಎದ್ದು ನಿಂತು, "ಅದು ಕೊಯ್ದ ಹೊಲ ಅಲ್ಲರೀ, ಬಿತ್ತಿದ್ದು ಹುಟ್ಟೇ ಇಲ್ಲ, ಉಪ್ಪು ಎದ್ದೈತಿ" ಅಂದ. ಹೇಳಿಕೊಡುತ್ತಿದ್ದವರು ನನ್ನ ಮುಖ ನೋಡಿದರು. ನಾನೇನು ಮಾಡಿದೆ ಗೊತ್ತೇ? "ಕಾಕಾ, ಸುಮ್ನ ಕೂಡು, ಕೊನೀಗೆ ಕೇಳೋಣಂತ" ಅಂದೆ. ಕೊನೆಯಲ್ಲಿ ಪ್ರಮಾಣಪತ್ರ ಹಂಚಿದರು, ಫೋಟೋ ತೆಗೆದರು. ಕೇಳುವ ಹೊತ್ತು ಬರಲೇ ಇಲ್ಲ.

ಕಾಕಾ ಹೇಳಿದ್ದು ಸಣ್ಣ ಮಾತಲ್ಲ. ನೆಲದ ಮೇಲೆ ಎದ್ದ ಉಪ್ಪಿನ ಪದರ ಉಪಗ್ರಹಕ್ಕೆ ಬೆಳ್ಳಗೆ ಹೊಳೆಯುತ್ತದೆ. ಒಣಗಿದ ಖಾಲಿ ಹೊಲವೂ ಹಾಗೇ ಹೊಳೆಯುವುದುಂಟು. ಆದ್ದರಿಂದಲೇ ಇಂಥ ಯಾವ ನಕಾಶೆಯನ್ನೂ ಹೊಲಕ್ಕೆ ಹೋಗಿ ತಾಳೆ ನೋಡದೆ ನಂಬಬಾರದು. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು ಅನ್ನುತ್ತದೆ ಪುಸ್ತಕ. ಅವತ್ತು ತಾಳೆ ನೋಡುವ ಮನುಷ್ಯ ತಾನಾಗಿ ನಡೆದು ಬಂದು ಎರಡನೇ ಸಾಲಿನಲ್ಲಿ ಕೂತಿದ್ದ. ಅವನ ಬಾಯಿ ಮುಚ್ಚಿಸಿದವನು ನಾನು. ನಕಾಶೆ ತಪ್ಪಾಗಿಯೇ ಉಳಿಯಿತು.

ಇದನ್ನು ಗೆಳೆಯನೊಬ್ಬನಿಗೆ ಹೇಳಿದರೆ ಅವನ ಉತ್ತರ: "ಅಲ್ಲಯ್ಯಾ, ತಂತ್ರಾಂಶ ಎಲ್ಲರಿಗೂ ಮುಕ್ತವಾಗೇ ಇದೆ. ಬರಬೇಡಿ ಅಂದವರು ಯಾರು?"

ಈ ಮಾತು ನಮಗೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯೂ ಕಾಗದದ ಮೇಲೆ ಎಲ್ಲರದೇ. ಅದನ್ನು ಕಟ್ಟಿದ್ದು ಹೆಚ್ಚಾಗಿ ಕಡಿಮೆ ನೀರು ಕುಡಿಯುವ ಬೆಳೆಗಳಿಗೆ ಅಂತ. ಮೇಲಿನವರು ಭತ್ತ ಹಚ್ಚಿದರು. ಕೊನೆಭಾಗದವರು ಗೇಜ್ ನೋಡಿಕೊಂಡು ಕೂತರು. ಅತಿ ನೀರು ನಿಂತ ಕಡೆ ಅಂತರ್ಜಲ ಮೇಲೆದ್ದು, ನೀರು ಆವಿಯಾಗಿ, ಉಪ್ಪು ಮಾತ್ರ ನೆಲದಲ್ಲಿ ಉಳಿಯಿತು. ಯಾರೂ ಯಾರಿಗೂ ನೀರು ಬೇಡ ಅನ್ನಲಿಲ್ಲ! ಆದರೂ ಕೊನೆಯ ಹೊಲಕ್ಕೆ ಮುಟ್ಟಲಿಲ್ಲ. ಹಕ್ಕಿದೆ ಅನ್ನುವುದು ಬೇರೆ, ನೀರು ಮುಟ್ಟಿಸುವುದು ಬೇರೆ. ಮುಟ್ಟಿಸಲು ಯಾರಾದರೂ ಕಾಲುವೆ ಗುಂಟ ನಡೆಯಬೇಕು.

ಇದು ನಮ್ಮ ಹಳ್ಳಿಗಾಡಿನ ಗೋಳು ಮಾತ್ರ ಅಂದುಕೊಳ್ಳಬೇಡಿ. ಸಂಖ್ಯಾಶಾಸ್ತ್ರದವರು ಬಳಸುವ 'ಆರ್' ಭಾಷೆ 1995ರಿಂದಲೇ ಮುಕ್ತ. ಆದರೂ 2012ರಲ್ಲಿ ಗೇಬ್ರಿಯೆಲಾ ಡಿ ಕೈರೋಸ್ ಎಂಬ ಹೆಣ್ಣುಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಆರ್-ಲೇಡೀಸ್' ಅಂತ ಬೇರೆಯೇ ಬಳಗ ಕಟ್ಟಬೇಕಾಯಿತು. ಲೈಸೆನ್ಸು ತಾನಾಗಿಯೇ ಎಲ್ಲರನ್ನೂ ಒಳಗೆ ಕರೆಯುವಂತಿದ್ದರೆ ಹದಿನೇಳು ವರ್ಷದ ಮೇಲೆ ಇದೇಕೆ ಬೇಕಿತ್ತು?

ಇನ್ನು "ವಿಜ್ಞಾನ ಕನ್ನಡದಲ್ಲಿ ಆಗಲ್ಲಾರೀ" ಅನ್ನುವವರಿಗೆ. ಐಐಟಿ ಬಾಂಬೆಯಲ್ಲಿ ರಾಸಾಯನಿಕ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ 'ಸ್ಪೋಕನ್ ಟ್ಯುಟೋರಿಯಲ್' ಎಂಬ ಯೋಜನೆ ಬೆಳೆಯಿತು. ಮುಕ್ತ ತಂತ್ರಾಂಶಗಳ ಬಗ್ಗೆ ಹತ್ತು ನಿಮಿಷದ ಆಸುಪಾಸಿನ ಪಾಠಗಳು. ಪರದೆ ಇಂಗ್ಲಿಷಿನಲ್ಲೇ ಇರುತ್ತದೆ, ದನಿ ಮಾತ್ರ ಕನ್ನಡವೂ ಸೇರಿ ನಮ್ಮ ದೇಶಭಾಷೆಗಳದ್ದು. ಇಂಟರ್ನೆಟ್ ಇಲ್ಲದ ಕಡೆಯೂ ನಡೆಯುತ್ತದೆ. ನನಗೆ ಬಹಳ ಹಿಡಿಸಿದ್ದು ಅವರ ಒಂದು ಪದ್ಧತಿ. ಪಾಠದ ಬರಹ ಸಿದ್ಧವಾದ ಮೇಲೆ ಆ ವಿಷಯ ಏನೂ ಗೊತ್ತಿಲ್ಲದ ಹೊಸಬನೊಬ್ಬ ಅದನ್ನು ಮಾಡಿ ನೋಡಬೇಕು. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ಪಾಠವನ್ನು ತಿದ್ದಬೇಕು. ಹೊಸಬನಿಗೆ ತಿಳಿಯದಿದ್ದರೆ ಅವನು ದಡ್ಡ ಅಲ್ಲ, ಪಾಠದಲ್ಲಿ ದೋಷ ಇದೆ ಅಂತ ಲೆಕ್ಕ! ಅದೇ ಸಂಸ್ಥೆಯ 'ಫಾಸ್ಸಿ' ಯೋಜನೆಯಲ್ಲಿ ಊರೂರಿನ ಕಾಲೇಜು ಮಕ್ಕಳು ಪಠ್ಯಪುಸ್ತಕದ ಲೆಕ್ಕಗಳನ್ನು ಸೈಲ್ಯಾಬ್‌ನಲ್ಲಿ ಬರೆದುಕೊಟ್ಟರು. ಅದಕ್ಕೆ ಗೌರವಧನವನ್ನೂ ಇಟ್ಟಿದ್ದರು. ಪುಕ್ಕಟೆ ಸೇವೆ ಮಾಡುವಷ್ಟು ಅನುಕೂಲ ಎಲ್ಲರ ಮನೆಯಲ್ಲೂ ಇರುವುದಿಲ್ಲ ನೋಡಿ.

ಹಾಗಾಗಿ ನಮ್ಮ ಕಡೆ ಇಂಥ ಕಾರ್ಯಾಗಾರ ಮಾಡುವವರಿಗೆ, ಮೊದಲು ನನಗೇ, ನಾಲ್ಕು ಮಾತು. ಮೊದಲ ಗಂಟೆ ಕನ್ನಡದಲ್ಲಿ ನಡೆಯಲಿ. ಸಿಂಧನೂರಿನ ಸುತ್ತ ಕ್ಯಾಂಪುಗಳಲ್ಲಿ ತೆಲುಗಿನವರಿದ್ದಾರೆ, ಆರ್‌ಎಚ್ ಕ್ಯಾಂಪುಗಳಲ್ಲಿ ಬಂಗಾಲಿ ಮನೆಮಾತಿನವರಿದ್ದಾರೆ. ಅವರ ಪಕ್ಕದಲ್ಲಿ ಅವರ ಭಾಷೆ ಬಲ್ಲ ಒಬ್ಬರು ಕೂರಲಿ. ಕೊನೆಯ ಬಸ್ಸಿಗೆ ಮುಂಚೆ ಮುಗಿಯಲಿ, ಇಲ್ಲದಿದ್ದರೆ ಹೆಣ್ಣುಮಕ್ಕಳು ಬರುವುದಿಲ್ಲ. ಆಮೇಲೆ "ಆಸಕ್ತಿ ಇಲ್ಲ" ಅಂತ ಷರಾ ಬರೆಯುವುದು ಬೇಡ. ಮತ್ತು ನಕಾಶೆಯ ಕೆಳಗೆ ಕೋಡು ಬರೆದವನ ಹೆಸರಿನ ಜೊತೆ, ಹೊಲ ತೋರಿಸಿ ತಪ್ಪು ತಿದ್ದಿದವನು ಒಪ್ಪಿದರೆ ಅವನ ಹೆಸರೂ ಬರಲಿ. ಎರಡೂ ವಿಜ್ಞಾನದ ಕೆಲಸವೇ.

"ಇಷ್ಟೆಲ್ಲ ಮಾಡಿದರೆ ಕೆಲಸ ನಿಧಾನವಾಗುತ್ತೆ" ಅಂತೀರಾ? ಆಗುತ್ತೆ, ಖಂಡಿತ. ಆದರೆ ಬೇಗ ಮುಗಿಸಿದ ನಮ್ಮ ನಕಾಶೆಯ ಗತಿ ಏನಾಯಿತು ಅಂತ ಮೇಲೆ ಹೇಳಿದೆನಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಒಯ್ದಿದ್ದೆ. ಕಟ್ಟೆಯ ಮೇಲೆ ಕೂತು ನಕಾಶೆ ತೆಗೆದು, "ಕಾಕಾ, ತಪ್ಪಾತು. ಎಲ್ಲೆಲ್ಲಿ ಸವಳೈತಿ, ನೀನ ತೋರ್ಸು" ಅಂದೆ. "ಅವತ್ತ ಹೇಳಿದ್ನೆಲ್ಲೋ" ಅಂದ. ಆಮೇಲೆ ಕನ್ನಡಕ ಹಾಕಿಕೊಂಡು ಒಂದೊಂದೇ ಹೊಲಕ್ಕೆ ಬೆರಳಿಟ್ಟ. ತನ್ನದಷ್ಟೇ ಅಲ್ಲ, ಅಕ್ಕಪಕ್ಕದ್ದೂ. ಹದಿನಾಲ್ಕು ಕಡೆ ಬಣ್ಣ ಬದಲಿಸಬೇಕಾಯಿತು.

ಇನ್ನು ಹೊಲಕ್ಕೆ ಹೋಗಿ ಮಣ್ಣು ತರಬೇಕು, ಪರೀಕ್ಷೆ ಮಾಡಿಸಬೇಕು. ಆ ಕಡೆಯವರು ಯಾರಾದರೂ ಬರ್ತೀರಾ? ಕೋಡು ಬರದಿದ್ದರೂ ನಡೆಯುತ್ತೆ.