ಹೊಸ ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಬಯಾಸ್ ನೋಡಿ

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ರಾಯಚೂರು ಕಡೆಯಿಂದ ನನಗೆ ಬರುವ ಫೋನ್‌ಗಳಲ್ಲಿ ಒಂದೇ ಮಾತು: "ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸೀವಿ, ಆದ್ರೂ ಭಾಳ ಸ್ಲೋ ಅದ. ಹೊಸಾದೇ ತಗೋಬೇಕೇನು?"

ಪವರ್ ಬಟನ್ ಒತ್ತಿದಾಗ ಮೊದಲು ಓಡೋದು ವಿಂಡೋಸ್ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡ್‌ನ ಚಿಪ್‌ನಲ್ಲಿ ಕೂತಿರುವ ಫರ್ಮ್‌ವೇರ್. 1981ರ ಐಬಿಎಂ ಪಿಸಿ ಕಾಲದಿಂದ ಅದನ್ನು ಬಯಾಸ್ ಅಂತೀವಿ, ಈಗಿನದು ಯುಇಎಫ್‌ಐ. ಹಳೇ ಓಎಸ್‌ಗಳೂ ನಡೀಲಿ ಅಂತ ಇದರೊಳಗೆ ಸಿಎಸ್‌ಎಂ ಅನ್ನೋ ಒಂದು ಪದರ ಇಟ್ಟರು. ಅಂದ್ರೆ ಹೊಸ ಫರ್ಮ್‌ವೇರ್ ಹಳೇ ಬಯಾಸ್‌ನ ವೇಷ ಹಾಕುತ್ತೆ. 2020ರೊಳಗೆ ಇದನ್ನು ಬಿಡ್ತೀವಿ ಅಂತ ಇಂಟೆಲ್ 2017ರಲ್ಲೇ ಹೇಳಿತ್ತು, ಆದರೆ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅದು ಇದ್ದೇ ಇದೆ.

ವೇಷ ಹಾಕಿದ್ದಕ್ಕೇ ಸ್ಲೋ ಆಗುತ್ತಾ? ಇಲ್ಲ. ಕರ್ನಲ್ ಒಮ್ಮೆ ಲೋಡ್ ಆಯ್ತು ಅಂದ್ರೆ ಡಿಸ್ಕನ್ನು ತನ್ನದೇ ಡ್ರೈವರ್‌ನಿಂದ ಓದುತ್ತೆ, ಬಯಾಸ್‌ನ ಕೇಳೋದೇ ಇಲ್ಲ. ಬೂಟ್ ಆಗೋವಾಗ ಸ್ವಲ್ಪ ವ್ಯತ್ಯಾಸ ಕಾಣಬಹುದು, ಅಷ್ಟೇ. ಪೆಟ್ಟು ಬೀಳೋದು ವೇಷದ ಜೊತೆ ಉಳಿದುಬಿಡುವ ಹಳೇ ಸೆಟ್ಟಿಂಗ್‌ಗಳಿಂದ.

ಮಾನ್ವಿಯಲ್ಲಿರೋ ಕಾಕಾನ ಮಗಳದ್ದು ಇದೇ ಕಥೆ. ಬಿ.ಕಾಂ ಓದ್ತಾಳೆ. ಅಂಗಡಿಯವರು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಹಾಕಿ ಕೊಟ್ಟಿದ್ದರು. ಸ್ಲೋ ಅಂತ ಮತ್ತೆ ಒಯ್ದಾಗ "ಬೋರ್ಡ್ ಹಳೇದ್ರೀ, ಹೊಸಾದು ತಗೊಳ್ರಿ" ಅಂದರಂತೆ. ಹತ್ತಿ ಮಾರಿದ ದುಡ್ಡು ಅದಕ್ಕೇ ತೆಗೆದಿಡೋಣ ಅಂತಿದ್ದರು ಕಾಕಾ. ಬಯಾಸ್ ತೆರೆದು ನೋಡಿದ್ರೆ ಸಾಟಾ ಮೋಡ್ ಅನ್ನೋ ಕಡೆ ಐಡಿಇ ಅಂತಿತ್ತು. ಎಸ್‌ಎಸ್‌ಡಿ ಹೊಸದು, ಆದರೆ ಹಳೇ ಹಾರ್ಡ್‌ಡಿಸ್ಕ್ ಥರ ದುಡಿಸ್ತಿದ್ದರು! ಐಡಿಇ ಮೋಡ್‌ನಲ್ಲಿ ಡಿಸ್ಕ್‌ಗೆ ಒಂದು ಸಲಕ್ಕೆ ಒಂದೇ ಕೆಲಸ. ಎಎಚ್‌ಸಿಐ ಮೋಡ್‌ನಲ್ಲಿ 32 ಕೆಲಸ ಸಾಲಾಗಿ ಕೊಡಬಹುದು, ಡಿಸ್ಕ್ ತನಗೆ ಅನುಕೂಲವಾದ ಕ್ರಮದಲ್ಲಿ ಮುಗಿಸುತ್ತೆ. ದೊಡ್ಡ ಸಿನಿಮಾ ಕಾಪಿ ಮಾಡಿದರೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಅಪ್‌ಡೇಟ್ ನಡೀತಿರುವಾಗಲೇ ಬ್ರೌಸರ್ ತೆರೆದರೆ, ಅಂದ್ರೆ ಸಣ್ಣ ಸಣ್ಣ ಫೈಲ್‌ಗಳಿಗೆ ಒಟ್ಟಿಗೆ ಕೈ ಹಾಕಿದರೆ, ಗೊತ್ತಾಗುತ್ತೆ.

ಎಎಚ್‌ಸಿಐಗೆ ಬದಲಿಸಿದೆ, ಲಿನಕ್ಸ್ ತಕರಾರಿಲ್ಲದೆ ಎದ್ದಿತು. ಸಿಎಸ್‌ಎಂ ಮುಟ್ಟಲಿಲ್ಲ, ಹಳೇ ಮೋಡ್‌ನಲ್ಲಿ ಇನ್‌ಸ್ಟಾಲ್ ಆಗಿದ್ದನ್ನು ಹಾಗೇ ಬಿಟ್ಟು ಅದನ್ನು ಆಫ್ ಮಾಡಿದರೆ ಬೂಟೇ ಆಗಲ್ಲ. ಜಾದೂ ಏನೂ ಆಗಲಿಲ್ಲ ಅನ್ನೋದನ್ನೂ ಹೇಳಬೇಕು. 4 ಜಿಬಿ ರ‍್ಯಾಮ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಈಗಲೂ ಒದ್ದಾಡುತ್ತೆ, ಅದಕ್ಕೆ ರ‍್ಯಾಮ್ ಹಾಕಿಸೋದೇ ದಾರಿ. ಆದರೆ ಹೊಸ ಲ್ಯಾಪ್‌ಟಾಪ್ ಮಾತು ಡಿಗ್ರಿ ಮುಗಿಯೋವರೆಗೆ ಮುಂದಕ್ಕೆ ಹೋಯಿತು.

ದುಬಾರಿ ಯಂತ್ರಗಳಿಗೂ ಇದು ತಪ್ಪಿದ್ದಲ್ಲ. 2006ರಲ್ಲಿ ಆ್ಯಪಲ್ ಬೂಟ್ ಕ್ಯಾಂಪ್ ತಂದು, ಇಂಟೆಲ್ ಮ್ಯಾಕ್‌ಗಳಲ್ಲಿ ವಿಂಡೋಸ್ ಎಕ್ಸ್‌ಪಿ ಓಡಿಸಲು ಇಂಥದ್ದೇ ಬಯಾಸ್ ವೇಷ ಹಾಕಿಸಿತು. ಎರಡು ಗ್ರಾಫಿಕ್ಸ್ ಚಿಪ್ ಇದ್ದ ಮ್ಯಾಕ್‌ಬುಕ್ ಪ್ರೋಗಳಲ್ಲಿ ಬೇರೆ ಓಎಸ್ ಅಂತ ಗೊತ್ತಾದರೆ ಫರ್ಮ್‌ವೇರ್ ಕಡಿಮೆ ಕರೆಂಟ್ ತಿನ್ನೋ ಚಿಪ್ಪನ್ನೇ ಮುಚ್ಚಿಬಿಡುತ್ತಿತ್ತು. ಬ್ಯಾಟರಿ ಬೇಗ ಖಾಲಿ. ಬೇಸಿಗೆ ಸಂಜೆ ಕರೆಂಟ್ ಹೋದಾಗ ದೇವದುರ್ಗದಲ್ಲಿ ಕೂತು ಕೆಲಸ ಮಾಡೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಲಿನಕ್ಸ್ ಮಂದಿ "ನಾನು ಮ್ಯಾಕ್‌ಓಎಸ್ಸೇ" ಅಂತ ಫರ್ಮ್‌ವೇರ್‌ಗೆ ಸುಳ್ಳು ಹೇಳೋ ಉಪಾಯ ಕಂಡುಕೊಂಡರು. ವೇಷಕ್ಕೆ ಪ್ರತಿವೇಷ!

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ವಿಂಡೋಸ್ ಇದ್ದರೆ ಸಾಟಾ ಮೋಡ್ ನೇರವಾಗಿ ಬದಲಿಸಬೇಡಿ, ನೀಲಿ ಸ್ಕ್ರೀನ್ ಬರುವ ಸಾಧ್ಯತೆ ಹೆಚ್ಚು. ಮೊದಲು ಸೇಫ್ ಮೋಡ್‌ನಲ್ಲಿ ಏಳುವಂತೆ ಸೆಟ್ ಮಾಡಿ, ರೀಸ್ಟಾರ್ಟ್ ಕೊಟ್ಟು ಬಯಾಸ್‌ನಲ್ಲಿ ಎಎಚ್‌ಸಿಐ ಮಾಡಿ. ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಮಾಮೂಲಿ ಬೂಟ್‌ಗೆ ತನ್ನಿ. ಇದಕ್ಕೆಲ್ಲ ಕೈ ಹಾಕೋ ಮುಂಚೆ ಫೋಟೋ, ಪ್ರಾಜೆಕ್ಟ್ ಫೈಲ್ ಎಲ್ಲಾ ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.