ದಿನಾಂಕ ಮುಗಿದರೆ ದಿನಸಿಯೂ ಮುಗಿಯಿತೇ? ಗಡಿನಾಡಿನ ಅಡುಗೆಮನೆಗೆ ಬಂದ ಹೊಸ ಗೊಂದಲ

ಕಾಸರಗೋಡು: ಮಳೆಗಾಲಕ್ಕೆ ಮೊದಲೇ ಅಕ್ಕಿ, ಮೆಣಸು, ಹುಣಸೆಹುಳಿ, ಹಪ್ಪಳ, ಉಪ್ಪಿನಕಾಯಿ ಕೂಡಿಡುವುದು ಗಡಿನಾಡಿನ ಹಳ್ಳಿಗಳ ಹಳೆಯ ರೂಢಿ. ಅಕ್ಕಿ ಮುಡಿಯ ಮೇಲಾಗಲಿ, ಉಪ್ಪಿನಕಾಯಿ ಭರಣಿಯ ಮೇಲಾಗಲಿ ಯಾರೂ ದಿನಾಂಕ ಬರೆದವರಿಲ್ಲ. ಮೂಗು, ಕಣ್ಣು, ನಾಲಿಗೆಯೇ ಪರೀಕ್ಷಕರು. ಈಗ ಮುಡಿಯ ಜಾಗಕ್ಕೆ ಪ್ಲಾಸ್ಟಿಕ್ ಪೊಟ್ಟಣ ಬಂದಿದೆ. ಪೊಟ್ಟಣದ ಜೊತೆಗೆ ದಿನಾಂಕವೂ ಬಂದಿದೆ.

ಈ ದಿನಾಂಕವನ್ನು ಜನರು ಎರಡು ರೀತಿಯಲ್ಲಿ ನೋಡುತ್ತಾರೆ. ಕೆಲವರು ತಾರೀಕು ದಾಟಿದ ಮರುದಿನವೇ ಒಳ್ಳೆಯ ತೊಗರಿಬೇಳೆಯನ್ನೂ ದನಕ್ಕೆ ಹಾಕುತ್ತಾರೆ. ಇನ್ನು ಕೆಲವರು 'ಅದೆಲ್ಲ ಕಂಪೆನಿಯವರ ಆಟ' ಎಂದು ಉಬ್ಬಿದ ಡಬ್ಬಿಯನ್ನೂ ತೆರೆದು ತಿನ್ನುತ್ತಾರೆ. ಮೊದಲನೆಯವರಿಗೆ ಹಣ ನಷ್ಟ, ಎರಡನೆಯವರಿಗೆ ಪ್ರಾಣಾಪಾಯ. ಇಬ್ಬರ ತಪ್ಪಿಗೂ ಮೂಲ ಒಂದೇ. ದಿನಾಂಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಪೊಟ್ಟಣ ನೋಡಿದರೆ ತಿಳಿಯುವುದಿಲ್ಲ.

ಎರಡು ಮಾತು, ಎರಡು ಅರ್ಥ

ಪೊಟ್ಟಣದ ಮೇಲೆ ಸಾಮಾನ್ಯವಾಗಿ ಕಾಣುವುದು 'ಬೆಸ್ಟ್ ಬಿಫೋರ್' ಮತ್ತು 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಎಂಬ ಮಾತುಗಳು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ವ್ಯಾಖ್ಯೆ ಇದೆ. ಬೆಸ್ಟ್ ಬಿಫೋರ್ ಎಂದರೆ ಆ ದಿನದವರೆಗೆ ರುಚಿ, ಪರಿಮಳ, ಗರಿಗರಿತನ ಪೂರ್ತಿ ಇರುತ್ತದೆ ಎಂಬ ಭರವಸೆ. ಆ ದಿನ ದಾಟಿದ ಮೇಲೂ ಆಹಾರ ತಿನ್ನಲು ಸುರಕ್ಷಿತವಾಗಿಯೇ ಇರಬಹುದು, ಗುಣಮಟ್ಟ ಮಾತ್ರ ಸ್ವಲ್ಪ ಕುಂದಿರಬಹುದು ಎಂದು ನಿಯಮವೇ ಒಪ್ಪುತ್ತದೆ. ಎಕ್ಸ್‌ಪೈರಿ ಅಥವಾ ಯೂಸ್ ಬೈ ಹಾಗಲ್ಲ. ಆ ದಿನದ ನಂತರ ಗುಣಮಟ್ಟವೂ ಸುರಕ್ಷತೆಯೂ ನಿರೀಕ್ಷಿಸಿದಂತೆ ಇರಲಾರದು, ಮಾರಲೂ ಬಾರದು ಎಂಬುದು ಅದರ ಅರ್ಥ.

ಮೊದಲನೆಯದು ರುಚಿಯ ಮಾತು, ಎರಡನೆಯದು ಆರೋಗ್ಯದ ಮಾತು. ಇಷ್ಟು ತಿಳಿದರೆ ಸಾಕಿತ್ತು. ಆದರೆ ಸಮಸ್ಯೆ ಶುರುವಾಗುವುದೇ ಇಲ್ಲಿಂದ.

ಕಾನೂನು ಬದಲಾಯಿತು, ವ್ಯತ್ಯಾಸ ಮಸುಕಾಯಿತು

ಹಿಂದೆ ಅಕ್ಕಿ, ಬೇಳೆ, ಹಿಟ್ಟು, ಬಿಸ್ಕತ್ತುಗಳ ಪೊಟ್ಟಣದಲ್ಲಿ 'ಪ್ಯಾಕ್ ಮಾಡಿದ ದಿನದಿಂದ ಇಷ್ಟು ತಿಂಗಳೊಳಗೆ ಬೆಸ್ಟ್ ಬಿಫೋರ್' ಎಂಬ ಬರಹವೇ ಹೆಚ್ಚಾಗಿ ಕಾಣುತ್ತಿತ್ತು. 2020ರಲ್ಲಿ ಪ್ರಕಟವಾಗಿ ಬಳಿಕ ಜಾರಿಗೆ ಬಂದ ಲೇಬಲಿಂಗ್ ನಿಯಮಾವಳಿಯಲ್ಲಿ ಎಕ್ಸ್‌ಪೈರಿ ಅಥವಾ ಯೂಸ್ ಬೈ ದಿನಾಂಕ ಕಡ್ಡಾಯವಾಯಿತು. ಬೆಸ್ಟ್ ಬಿಫೋರ್ ಎಂಬುದು ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದಾದ ಮಾಹಿತಿ ಮಾತ್ರವಾಯಿತು.

ಉದ್ದೇಶ ಒಳ್ಳೆಯದೇ. ಗ್ರಾಹಕ ತಿಂಗಳು ಎಣಿಸುತ್ತಾ ಲೆಕ್ಕ ಹಾಕುವ ಬದಲು ನೇರವಾಗಿ ಒಂದು ದಿನಾಂಕ ಸಿಗುತ್ತದೆ. ಆದರೆ ಪರಿಣಾಮ ಬೇರೆಯೇ ಆಯಿತು. ಎರಡು ದಿನದಲ್ಲಿ ಕೆಡುವ ಹಾಲಿಗೂ, ಎರಡು ವರ್ಷ ಇಟ್ಟರೂ ಬೇಯುವ ಕಡಲೆಗೂ ಈಗ ಒಂದೇ ಪದ. 'ಎಕ್ಸ್‌ಪೈರಿ' ಎಂಬ ಪದವನ್ನು ಹಳ್ಳಿಯ ಜನರು ಮೊದಲು ಕಲಿತದ್ದು ಮಾತ್ರೆಯ ಪಟ್ಟಿಯಿಂದ. ಮಾತ್ರೆಗೆ ಇರುವ ಹೆದರಿಕೆಯೇ ರವೆಯ ಪೊಟ್ಟಣಕ್ಕೂ ಅಂಟಿಕೊಂಡಿದೆ.

ಬೇರೆ ದೇಶಗಳು ಈಗ ತದ್ವಿರುದ್ಧ ದಿಕ್ಕಿನಲ್ಲಿ ಸಾಗುತ್ತಿರುವುದು ಗಮನಾರ್ಹ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರ ಸೆಪ್ಟೆಂಬರ್‌ನಲ್ಲಿ ಒಂದು ಕಾನೂನು ತಂದು ಗುಣಮಟ್ಟಕ್ಕೆ ಒಂದು ಪದ, ಸುರಕ್ಷತೆಗೆ ಇನ್ನೊಂದು ಪದ ಎಂದು ಸ್ಪಷ್ಟವಾಗಿ ಬೇರ್ಪಡಿಸಿತು. ಅದು ಅನ್ವಯವಾಗುವ ದಿನಾಂಕ 2026ರ ಜುಲೈ 1. ಬ್ರಿಟನ್ನಿನಲ್ಲಿ 2022ರಲ್ಲಿ ಹಲವು ದೊಡ್ಡ ಅಂಗಡಿಗಳು ಹಣ್ಣು ತರಕಾರಿಗಳ ಮೇಲಿನ ಬೆಸ್ಟ್ ಬಿಫೋರ್ ದಿನಾಂಕವನ್ನೇ ತೆಗೆದುಹಾಕಿದವು. ಕಾರಣ ಒಂದೇ: ದಿನಾಂಕ ನೋಡಿ ಜನರು ಒಳ್ಳೆಯ ಆಹಾರವನ್ನು ಎಸೆಯುತ್ತಿದ್ದರು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ. 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲಿ.

ದಿನಾಂಕ ನಿಗದಿ ಮಾಡುವವರು ಯಾರು?

ಸರಕಾರ ಪ್ರತಿ ಪೊಟ್ಟಣವನ್ನೂ ಪರೀಕ್ಷಿಸಿ ದಿನಾಂಕ ಕೊಡುತ್ತದೆ ಎಂಬುದು ಹಲವರ ನಂಬಿಕೆ. ವಾಸ್ತವದಲ್ಲಿ ಹೆಚ್ಚಿನ ವಸ್ತುಗಳ ಬಾಳಿಕೆಯ ಅವಧಿಯನ್ನು ತಯಾರಕರೇ ನಿರ್ಧರಿಸುತ್ತಾರೆ, ಅದರ ಹೊಣೆಯೂ ಅವರದೇ. ತಮ್ಮ ಬಿಸ್ಕತ್ತು ಮೆತ್ತಗಾಯಿತು ಎಂಬ ಕೆಟ್ಟ ಹೆಸರು ಬರಬಾರದು ಎಂಬ ಕಾರಣಕ್ಕೆ ಅವರು ಸ್ವಲ್ಪ ಮುಂಚಿನ ದಿನಾಂಕವನ್ನೇ ಹಾಕುವುದು ಸಹಜ.

ಇನ್ನೊಂದು ಮುಖ್ಯ ಸಂಗತಿ, ಆ ದಿನಾಂಕ ಒಡೆಯದ ಪೊಟ್ಟಣಕ್ಕೆ ಮಾತ್ರ ಅನ್ವಯ. ಅದೂ ಲೇಬಲ್‌ನಲ್ಲಿ ಹೇಳಿದಂತೆ ತಂಪಾದ, ಒಣಗಿದ ಜಾಗದಲ್ಲಿ ಇಟ್ಟಿದ್ದರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾಸರಗೋಡಿನ ಕರಾವಳಿಯಲ್ಲಿ ಆಟಿ ತಿಂಗಳ ಅಡುಗೆಮನೆ ಒಣಗಿದ ಜಾಗವಲ್ಲ. ಉಷ್ಣಾಂಶ 10 ಡಿಗ್ರಿ ಏರಿದರೆ ಆಹಾರ ಹಳತಾಗುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಹಾಗಾಗಿ ಸೋಲಾಪುರದ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಎಣ್ಣೆಗೂ ನೀಲಗಿರಿಯ ಚಳಿಯಲ್ಲಿಟ್ಟ ಎಣ್ಣೆಗೂ ಪೊಟ್ಟಣದ ದಿನಾಂಕ ಒಂದೇ ಆದರೂ ಆಯುಷ್ಯ ಒಂದೇ ಅಲ್ಲ.

ಯಾವುದು ಎಷ್ಟು ಕಾಲ?

ಧಾನ್ಯ ಕೆಡುವುದಕ್ಕೆ ಮೂರು ದಾರಿಗಳಿವೆ: ತೇವ, ಹುಳ ಮತ್ತು ಅದರೊಳಗಿನ ಎಣ್ಣೆಯ ಅಂಶ ಹಳಸುವುದು. ಯಾವ ವಸ್ತುವಿನಲ್ಲಿ ಇವು ಎಷ್ಟಿವೆ ಎಂಬುದರ ಮೇಲೆ ಬಾಳಿಕೆ ನಿಂತಿದೆ.

ಪಾಲಿಷ್ ಮಾಡಿದ ಬಿಳಿ ಅಕ್ಕಿಯಲ್ಲಿ ತೌಡಿನ ಎಣ್ಣೆ ಇಲ್ಲ. ಚೆನ್ನಾಗಿ ಒಣಗಿಸಿ ಗಾಳಿಯಾಡದಂತೆ ಮುಚ್ಚಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಆಮ್ಲಜನಕ ಇಲ್ಲದ ಡಬ್ಬಿಗಳಲ್ಲಿ ಸುಮಾರು 30 ವರ್ಷ ಇದ್ದ ಅಕ್ಕಿಯನ್ನು ಬೇಯಿಸಿ ಜನರಿಗೆ ರುಚಿ ನೋಡಿಸಿದಾಗ ಅದು ತಿನ್ನಲು ಯೋಗ್ಯವೆಂದೇ ಕಂಡುಬಂತು. ಮನೆಯ ಗೋಣಿಚೀಲಕ್ಕೆ ಈ ಲೆಕ್ಕ ಹೊಂದದು. ಆದರೂ ಅಕ್ಕಿಗೆ ತಾರೀಕೇ ಶತ್ರುವಲ್ಲ ಎಂಬುದಕ್ಕೆ ಇದು ಸಾಕ್ಷಿ. ತೌಡು ಉಳಿದಿರುವ ಪಾಲಿಷ್ ಮಾಡದ ಅಕ್ಕಿ ಮಾತ್ರ ಆರು ತಿಂಗಳ ಸುಮಾರಿಗೆ ಕಮಟು ಹಿಡಿಯಲು ಶುರುವಾಗಬಹುದು.

ತೊಗರಿ, ಹೆಸರು, ಕಡಲೆ, ಹುರುಳಿ ಮುಂತಾದವು ಒಣಗಿದ್ದರೆ ದಿನಾಂಕ ದಾಟಿ ಒಂದೆರಡು ವರ್ಷವಾದರೂ ವಿಷವಾಗುವುದಿಲ್ಲ. ಹಳತಾದಷ್ಟೂ ಬೇಯಲು ಹಟ ಮಾಡುತ್ತವೆ, ಅಷ್ಟೆ. ಹೆಚ್ಚು ಹೊತ್ತು ನೆನೆಹಾಕಿ ಕುಕ್ಕರಿನಲ್ಲಿ ಇನ್ನೆರಡು ಸೀಟಿ ಹೊಡೆಸಿದರೆ ಆಯಿತು.

ಗೋಧಿ ಹಿಟ್ಟಿನ ಕತೆ ಬೇರೆ. ತೌಡು ಸಮೇತ ಬೀಸಿದ ಹಿಟ್ಟಿನಲ್ಲಿ ಎಣ್ಣೆ ಅಂಶ ಗಾಳಿಗೆ ತೆರೆದುಕೊಳ್ಳುತ್ತದೆ. ಅದಕ್ಕೇ ಗೋಧಿ ಕಾಳಾಗಿದ್ದಾಗ ವರ್ಷ ಉಳಿದರೂ ಹಿಟ್ಟಾದ ಮೇಲೆ ತಿಂಗಳುಗಳ ಲೆಕ್ಕಕ್ಕೆ ಇಳಿಯುತ್ತದೆ. ತೌಡಿಲ್ಲದ ಮೈದಾ, ರವೆ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತವೆ, ಹುಳ ಹಿಡಿಯದಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಮಿಲ್ಲಿಗೆ ಹೋಗುವವರು ಒಂದು ತಿಂಗಳಿಗೆ ಬೇಕಾದಷ್ಟೇ ಬೀಸಿಸುವುದು ಲೇಸು.

ಸಕ್ಕರೆ, ಉಪ್ಪು, ವಿನೆಗರ್‌ಗಳಲ್ಲಿ ಕ್ರಿಮಿಗಳು ಬದುಕಲಾರವು. ಅಂತಾರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಕೂಡ ವಿನೆಗರ್, ಸಾದಾ ಸಕ್ಕರೆ, ಅಯೋಡಿನ್ ಸೇರಿಸದ ಉಪ್ಪುಗಳಿಗೆ ದಿನಾಂಕ ಬೇಡ ಎನ್ನುತ್ತದೆ. ಅಯೋಡಿನ್ ಉಪ್ಪಿಗೆ ದಿನಾಂಕ ಇರುವುದು ಉಪ್ಪು ಕೆಡುತ್ತದೆಂದಲ್ಲ. ತೇವ ತಗಲಿದರೆ ಅಯೋಡಿನ್ ಹಾರಿಹೋಗುತ್ತದೆ ಎಂಬ ಕಾರಣಕ್ಕೆ.

ಎಣ್ಣೆಗಳಲ್ಲಿ ತೆಂಗಿನೆಣ್ಣೆ ನಿಧಾನವಾಗಿ, ಸೂರ್ಯಕಾಂತಿ ಎಣ್ಣೆ ಬೇಗ ಕಮಟಾಗುತ್ತದೆ. ಕಮಟು ಎಣ್ಣೆ ಆ ಕ್ಷಣಕ್ಕೆ ಕಾಯಿಲೆ ತರದಿದ್ದರೂ ಆರೋಗ್ಯಕ್ಕೆ ಒಳ್ಳೆಯದಲ್ಲ, ದೀಪಕ್ಕೆ ಬಳಸಬಹುದು. ಇಡೀ ಮೆಣಸು, ಕೊತ್ತಂಬರಿ, ಜೀರಿಗೆ ವರ್ಷಗಳ ಕಾಲ ಬಾಳುತ್ತವೆ. ಪುಡಿಗಳು ಒಂದೆರಡು ವರ್ಷದಲ್ಲಿ ಪರಿಮಳ ಕಳೆದುಕೊಳ್ಳುತ್ತವೆ. ಬಿಸ್ಕತ್ತು ಮೆತ್ತಗಾಗಬಹುದು, ವಾಸನೆ ಬಂದರೆ ಮಾತ್ರ ಬಿಡಬೇಕು.

ದಿನಾಂಕ ಮೀರಲೇಬಾರದವು

ಇಷ್ಟು ಓದಿ ಎಲ್ಲದಕ್ಕೂ ಇದೇ ನಿಯಮ ಎಂದುಕೊಂಡರೆ ಅಪಾಯ. ಶಿಶುಗಳ ಹಾಲಿನ ಪುಡಿಗೆ ದಿನಾಂಕವೇ ಕೊನೆಯ ಮಾತು. ಡಬ್ಬಿಯಲ್ಲಿ ಬರೆದ ಪೋಷಕಾಂಶ ಮಗುವಿಗೆ ಸಿಗುವ ಖಾತ್ರಿ ಆ ದಿನದವರೆಗೆ ಮಾತ್ರ. ಅಮೆರಿಕದ ಕೇಂದ್ರ ಕಾನೂನು ದಿನಾಂಕವನ್ನು ಕಡ್ಡಾಯ ಮಾಡಿರುವ ಏಕೈಕ ಆಹಾರವೂ ಇದೇ. ಹಾಲು, ಪನೀರ್, ಮಾಂಸ, ಮೀನು ಮುಂತಾದ ಫ್ರಿಜ್ಜಿನ ವಸ್ತುಗಳಲ್ಲೂ ದಿನಾಂಕವನ್ನು ಪಾಲಿಸಲೇಬೇಕು.

ತವರದ ಡಬ್ಬಿ, ಬೇಯಿಸಿ ಮುಚ್ಚಿದ ಚೀಲಗಳು ಉಬ್ಬಿದ್ದರೆ, ಸೋರುತ್ತಿದ್ದರೆ ದಿನಾಂಕ ಇನ್ನೂ ಇದ್ದರೂ ಎಸೆಯಬೇಕು. ರುಚಿ ನೋಡುವ ಸಾಹಸವೂ ಬೇಡ. ಅದರೊಳಗೆ ಬೆಳೆಯಬಹುದಾದ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ವಿಷ ವಾಸನೆಯಿಂದ ತಿಳಿಯಬೇಕೆಂದಿಲ್ಲ, ತೀರಾ ಕಡಿಮೆ ಪ್ರಮಾಣವೂ ಮಾರಕ.

ಬೂಷ್ಟಿನ ವಿಷಯವೂ ಅಷ್ಟೇ ಗಂಭೀರ. ನೆಲಗಡಲೆ, ಜೋಳ, ಕೊಬ್ಬರಿ, ಒಣಮೆಣಸು ತೇವದಲ್ಲಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ತೊಳೆದರೂ, ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಯಕೃತ್ತಿನ ಕಾಯಿಲೆಯಿಂದ ಸತ್ತರು. ಆ ಜೋಳಕ್ಕೆ ಯಾವ ದಿನಾಂಕವೂ ಇರಲಿಲ್ಲ, ಅದು ಮನೆಯ ದಾಸ್ತಾನು. ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟು ಹಲವರು ಆಸ್ಪತ್ರೆ ಸೇರಿದಾಗಲೂ ಕಾರಣವಾದದ್ದು ಹಳೆಯ ಪೊಟ್ಟಣವಲ್ಲ, ಆಗಷ್ಟೇ ಬಡಿಸಿದ ತಿನಿಸು. ಅಸ್ವಸ್ಥರಲ್ಲಿ ಶಿಗೆಲ್ಲ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು. ಮನುಷ್ಯರನ್ನು ಕೊಲ್ಲುವುದು ಬಹುತೇಕ ಕ್ಯಾಲೆಂಡರ್ ಅಲ್ಲ, ತೇವ ಮತ್ತು ಕೊಳಕು.

ಅಂಗಡಿಗೆ ಒಂದು ನಿಯಮ, ಮನೆಗೆ ಒಂದು ವಿವೇಕ

ಮನೆಯಲ್ಲಿ ದಿನಾಂಕ ದಾಟಿದ ಬೇಳೆ ಬೇಯಿಸಿ ತಿನ್ನುವುದು ಮನೆಯವರ ವಿವೇಚನೆ. ಅಂಗಡಿಯವರಿಗೆ ಈ ವಿವೇಚನೆ ಇಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಎಕ್ಸ್‌ಪೈರಿ ಆದ ವಸ್ತು ಪೂರೈಸಿದ ವಿತರಕರೂ, ಮಾರಿದ ಅಂಗಡಿಯವರೂ ಹೊಣೆಗಾರರು. 'ಬೇಳೆ ತಾನೆ, ಏನಾಗುವುದಿಲ್ಲ' ಎಂಬ ಸಮಜಾಯಿಷಿ ಅಲ್ಲಿ ನಡೆಯದು. ಇದು ಸರಿಯೂ ಹೌದು. ಪೊಟ್ಟಣವನ್ನು ಹೇಗೆ ಇಟ್ಟಿದ್ದರು ಎಂಬುದು ಮನೆಯವರಿಗೆ ಗೊತ್ತು, ಗಿರಾಕಿಗೆ ಗೊತ್ತಿಲ್ಲ.

ದಿನಾಂಕ ಅಳಿಸಿ ಹೊಸದು ಒತ್ತುವ ದಂಧೆ ತಡೆಯಲು ಎಫ್‌ಎಸ್‌ಎಸ್‌ಎಐ 2024ರ ಡಿಸೆಂಬರ್‌ನಲ್ಲಿ ತಯಾರಕರಿಗೂ ಆಮದುದಾರರಿಗೂ ಒಂದು ಆದೇಶ ಹೊರಡಿಸಿತು. ಅವಧಿ ಮೀರಿದ ಮತ್ತು ತಿರಸ್ಕೃತವಾದ ಆಹಾರ ಎಷ್ಟಿತ್ತು, ಅದನ್ನು ಏನು ಮಾಡಿದರು ಎಂಬ ವಿವರವನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಕೊಡಬೇಕು. ಅದಕ್ಕೂ ತುಸು ಮುಂಚೆ, ಆನ್‌ಲೈನ್ ಮಾರಾಟಗಾರರು ಗಿರಾಕಿಗೆ ತಲಪಿಸುವಾಗ ಕನಿಷ್ಠ ಶೇ. 30ರಷ್ಟು ಅವಧಿ ಅಥವಾ 45 ದಿನ ಬಾಕಿ ಇರುವಂತೆ ನೋಡಿಕೊಳ್ಳಬೇಕೆಂದು ಹೇಳಿತ್ತು. ಇವೆರಡೂ ದೊಡ್ಡ ವ್ಯಾಪಾರಿಗಳನ್ನು ಗುರಿಯಾಗಿಸಿವೆ. ಹಳ್ಳಿಯ ಗೂಡಂಗಡಿಯ ಕೊನೆಯ ಸಾಲಿನಲ್ಲಿ ಧೂಳು ತಿನ್ನುವ ಪೊಟ್ಟಣದ ಮೇಲೆ ಕಣ್ಣಿಡಬೇಕಾದವರು ಗಿರಾಕಿಗಳೇ.

ತಲಪಾಡಿ ದಾಟಿ ಮಂಗಳೂರಿನಲ್ಲೋ, ಪುತ್ತೂರು ಸುಳ್ಯದಲ್ಲೋ ದಿನಸಿ ಕೊಳ್ಳುವವರು ಒಂದು ವಿಷಯ ನೆನಪಿಡಬೇಕು. ಕಾನೂನು ಇಡೀ ದೇಶಕ್ಕೆ ಒಂದೇ ಆದರೂ ಅಧಿಕಾರಿಗಳು ಆಯಾ ರಾಜ್ಯದವರು. ದೂರು ಕೊಡಬೇಕಾದದ್ದು ವಸ್ತು ಕೊಂಡ ಜಾಗದ ಆಹಾರ ಸುರಕ್ಷತಾ ಅಧಿಕಾರಿಗೆ. ಬಿಲ್ಲು ಮತ್ತು ಪೊಟ್ಟಣ ಎರಡನ್ನೂ ಎಸೆಯದೆ ಇಟ್ಟುಕೊಂಡರೆ ದೂರಿಗೆ ಬಲ. ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕನಿಗೂ ಇದೆ.

ಓದಲಾಗದ ದಿನಾಂಕ

ಕೊನೆಗೆ ಉಳಿಯುವುದು ಭಾಷೆಯ ಪ್ರಶ್ನೆ. ಲೇಬಲ್ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ನಿಯಮ. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಮನೆಯಲ್ಲಿ ಕನ್ನಡ ಅಥವಾ ತುಳು, ಪೇಟೆಯಲ್ಲಿ ಮಲಯಾಳ ಮಾತನಾಡುವ, ಎರಡೆರಡು ಲಿಪಿ ಓದಬಲ್ಲ ಗಡಿನಾಡಿನ ಅಜ್ಜಿಗೂ ಪೊಟ್ಟಣದ ಮುಂದೆ ಅಕ್ಷರ ಬಾರದು. ಹೊಸೂರು, ಅಕ್ಕಲಕೋಟೆ, ಮಡಕಶಿರಾಗಳ ಕತೆಯೂ ಬೇರೆಯಲ್ಲ. ಜಾಹೀರಾತಿಗೆ ಪ್ರಾದೇಶಿಕ ಭಾಷೆ ಬಳಸಬಲ್ಲ ಕಂಪೆನಿಗಳಿಗೆ 'ಈ ದಿನದ ನಂತರ ತಿನ್ನಬೇಡಿ', 'ಈ ದಿನದವರೆಗೆ ರುಚಿ ಚೆನ್ನ' ಎಂಬ ಎರಡು ಸಾಲು ಸೇರಿಸುವುದು ಕಷ್ಟವಾಗದು.

ಅಲ್ಲಿಯವರೆಗೆ ಮನೆಯವರೇ ಕೆಲವು ಅಭ್ಯಾಸ ಮಾಡಿಕೊಳ್ಳಬಹುದು. ಪೊಟ್ಟಣ ಒಡೆದು ಡಬ್ಬಿಗೆ ಸುರಿದ ದಿನವನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಅಂಟಿಸುವುದು. ಹಳೆಯದು ಮುಗಿದ ಮೇಲೆಯೇ ಹೊಸದನ್ನು ಸುರಿಯುವುದು. ಡಬ್ಬಿಗೆ ಒದ್ದೆ ಚಮಚ, ಒದ್ದೆ ಕೈ ಹಾಕದಿರುವುದು. ಬಿಸಿಲು ಕಂಡ ದಿನ ಧಾನ್ಯ, ಮೆಣಸನ್ನು ಒಣಗಿಸಿ ಆರಿದ ಮೇಲೆ ಮುಚ್ಚುವುದು. ಆಮೇಲೆ ತಾರೀಕು ದಾಟಿದ ಪೊಟ್ಟಣ ಕೈಗೆ ಬಂದಾಗ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದು ಒಣ ವಸ್ತುವೇ, ತೇವ ತಗಲಿಲ್ಲವೇ, ಬೂಷ್ಟು, ಕಮಟು, ಉಬ್ಬರ ಇಲ್ಲವೇ, ಮಗುವಿನ ಆಹಾರವಲ್ಲ ತಾನೆ? ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದರೆ ಎಸೆಯುವ ಅಗತ್ಯವಿಲ್ಲ. ಒಂದರಲ್ಲಿ ಅನುಮಾನ ಬಂದರೂ, ದಿನಾಂಕ ಇನ್ನೂ ಬಾಕಿ ಇದ್ದರೂ, ಇಟ್ಟುಕೊಳ್ಳುವ ಅಗತ್ಯವಿಲ್ಲ.