ಬಿದ್ದಿದ್ದಕ್ಕೆ ಮೂಳೆ ಮುರಿಯಿತೋ, ಗಡ್ಡೆಯಿಂದಲೋ? ಆಸ್ಪತ್ರೆ ಫೈಲಿನಲ್ಲಿರುವ ಆ ಕೋಡ್ ಹೇಳುವುದೇನು?

ಬಚ್ಚಲಲ್ಲಿ ಸ್ವಲ್ಪ ಜಾರಿದ್ದಕ್ಕೇ ತೊಡೆಮೂಳೆ ಮುರಿಯಿತು, ಆಸ್ಪತ್ರೆಗೆ ಹೋದರೆ ಕ್ಯಾನ್ಸರ್ ಎಂದರು. ಇಂಥ ಸುದ್ದಿ ಕೇಳಿದಾಗ ಎರಡು ಮಾತು ತಪ್ಪದೆ ಹುಟ್ಟಿಕೊಳ್ಳುತ್ತವೆ. ಪೆಟ್ಟು ಬಿದ್ದ ಜಾಗದಲ್ಲಿ ಕ್ಯಾನ್ಸರ್ ಶುರುವಾಯಿತು ಎನ್ನುವುದು ಒಂದು. ಬಿಲ್ ಹೆಚ್ಚಿಸಲು ಆಸ್ಪತ್ರೆಯವರು ಏನೋ ಕೋಡ್ ಹಾಕಿದ್ದಾರೆ ಎನ್ನುವುದು ಇನ್ನೊಂದು.

ಮೊದಲ ಮಾತಿನಲ್ಲಿ ಕ್ರಮವೇ ತಲೆಕೆಳಗಾಗಿದೆ. ಮೂಳೆ ಮುರಿದರೆ ಕ್ಯಾನ್ಸರ್ ಬರುವುದಿಲ್ಲ. ಗಡ್ಡೆ ಮೊದಲೇ ಒಳಗೆ ಕೂತು ಮೂಳೆಯನ್ನು ಟೊಳ್ಳು ಮಾಡಿರುತ್ತದೆ, ಜಾರಿದ್ದು ಕೊನೆಯ ನೆಪ ಅಷ್ಟೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರ್‌ಗಳು ಮೂಳೆಗೆ ಹರಡುವುದು ಸಾಮಾನ್ಯ. ಮಲ್ಟಿಪಲ್ ಮೈಲೋಮಾ ಎಂಬುದು ಮೂಳೆಯ ಮಜ್ಜೆಯಲ್ಲೇ ಹುಟ್ಟುತ್ತದೆ. ನಮ್ಮ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಸದಾ ಕೆಲಸದಲ್ಲಿರುತ್ತವೆ. ಈ ಗಡ್ಡೆಗಳಲ್ಲಿ ಹಲವು, ಕರಗಿಸುವ ಕೋಶಗಳನ್ನು ಮಿತಿಮೀರಿ ಕೆರಳಿಸುತ್ತವೆ. ಗೆದ್ದಲು ತಿಂದ ಬಾಗಿಲ ಚೌಕಟ್ಟು ಹೊರಗೆ ಗಟ್ಟಿಯಾಗಿಯೇ ಕಾಣುತ್ತದಲ್ಲ, ಹಾಗೆ. ಆಮೇಲೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಮೂಳೆ ಮುರಿಯಬಹುದು. ರೋಗಿಯನ್ನು ಎತ್ತಿ ಕೂರಿಸಿದ ಸೊಸೆಯನ್ನೋ, ನರ್ಸನ್ನೋ, ಫಿಸಿಯೋಥೆರಪಿ ಮಾಡಿಸಿದವರನ್ನೋ ದೂರುವ ಮುನ್ನ ಇದು ಗೊತ್ತಿರಬೇಕು.

ಇದನ್ನು ವೈದ್ಯರು ‘ಪ್ಯಾಥಾಲಜಿಕಲ್ ಫ್ರ್ಯಾಕ್ಚರ್’ ಎಂದು ಬರೆಯುತ್ತಾರೆ. ಹೆಸರು ಕೇಳಿ ಲ್ಯಾಬ್ ಪರೀಕ್ಷೆ ಎಂದುಕೊಳ್ಳುವವರಿದ್ದಾರೆ. ಇಲ್ಲಿ ಅರ್ಥ ಇಷ್ಟೇ: ರೋಗದಿಂದ ದುರ್ಬಲವಾದ ಮೂಳೆ ಮುರಿದಿದೆ. ಆ ರೋಗ ಕ್ಯಾನ್ಸರೇ ಆಗಬೇಕಿಲ್ಲ, ವಯಸ್ಸಾದವರಲ್ಲಿ ಬಹಳ ಸಲ ಅದು ಮೂಳೆ ಸವೆತ, ಅಂದರೆ ಆಸ್ಟಿಯೊಪೊರೋಸಿಸ್.

ಈಗ ಕೋಡ್‌ಗೆ ಬರೋಣ. ಕಾಯಿಲೆಗಳಿಗೆ ಜಗತ್ತಿನಾದ್ಯಂತ ಒಂದೇ ಬಗೆಯ ಗುರುತು ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಐಸಿಡಿ ಎಂಬ ಪಟ್ಟಿ ಮಾಡಿದೆ. ಅದರ ಹತ್ತನೇ ಆವೃತ್ತಿಯನ್ನು ಅಮೆರಿಕ ತನಗೆ ಬೇಕಾದಂತೆ ವಿಸ್ತರಿಸಿಕೊಂಡು 2015ರ ಅಕ್ಟೋಬರ್ 1ರಿಂದ ಬಳಸುತ್ತಿದೆ. ಬೆಂಗಳೂರು, ಚೆನ್ನೈ, ಹೈದರಾಬಾದಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸದಲ್ಲಿರುವ ಅನೇಕರು ದಿನವೂ ನೋಡುವುದು ಈ ಅಮೆರಿಕದ ಆವೃತ್ತಿಯನ್ನೇ. ಅದರಲ್ಲಿ ಅಪಘಾತದಿಂದಾದ ತೊಡೆಮೂಳೆ ಮುರಿತ ‘ಎಸ್72’ರಲ್ಲಿ ಬರುತ್ತದೆ. ಮೂಳೆ ಸವೆತದಿಂದ ಮುರಿದರೆ ‘ಎಂ80’. ಗಡ್ಡೆಯಿಂದ ಮುರಿದರೆ ‘ಎಂ84.5’. ‘ಎಸ್’ ಗಾಯಗಳ ಅಧ್ಯಾಯ, ‘ಎಂ’ ಮೂಳೆ-ಸ್ನಾಯು ರೋಗಗಳ ಅಧ್ಯಾಯ. ಒಂದೇ ಎಕ್ಸ್‌ರೇ, ಒಂದೇ ಮೂಳೆ, ಆದರೆ ಕಾರಣ ಬೇರೆಯಾದ ಕೂಡಲೇ ಅಧ್ಯಾಯವೇ ಬೇರೆ.

‘ಎಂ84.551ಎ’ ಎಂದಿದ್ದರೆ ಗಡ್ಡೆಯಿಂದ ಬಲ ತೊಡೆಮೂಳೆ ಮುರಿದಿದೆ, ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಎಂದರ್ಥ. ಕೊನೆಯ ‘ಎ’ ಬದಲು ‘ಡಿ’ ಇದ್ದರೆ ಮೂಳೆ ಮಾಮೂಲಿನಂತೆ ಕೂಡುತ್ತಿದೆ, ‘ಕೆ’ ಇದ್ದರೆ ಕೂಡಲೇ ಇಲ್ಲ. ಇದರ ಜೊತೆ ಗಡ್ಡೆಗೂ ಪ್ರತ್ಯೇಕ ಕೋಡ್ ಇರಬೇಕು. ಬೇರೆ ಕಡೆಯಿಂದ ಮೂಳೆಗೆ ಹರಡಿದ ಕ್ಯಾನ್ಸರ್ ಆದರೆ ‘ಸಿ79.51’. ಯಾವುದು ಮೊದಲು? ಆ ಸಲದ ಚಿಕಿತ್ಸೆ ಮುರಿತಕ್ಕಾದರೆ ಮುರಿತದ ಕೋಡ್ ಮುಂದೆ, ಕ್ಯಾನ್ಸರಿಗಾದರೆ ಕ್ಯಾನ್ಸರ್ ಕೋಡ್ ಮುಂದೆ. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ‘ಎಂ84.5’ ಇಲ್ಲವೇ ಇಲ್ಲ. ಅಲ್ಲಿ ಇದೇ ಮುರಿತ ನಕ್ಷತ್ರ ಚಿಹ್ನೆಯೊಂದಿಗೆ ‘ಎಂ90.7’ ಆಗುತ್ತದೆ. ಎರಡು ಆಸ್ಪತ್ರೆಯ ಕಾಗದದಲ್ಲಿ ಎರಡು ಕೋಡ್ ಕಂಡರೆ ಯಾರೋ ಮೋಸ ಮಾಡಿದ್ದಾರೆ ಎಂದು ಗಾಬರಿಯಾಗಬೇಡಿ.

ಹಾಗೆಯೇ ‘ಎಂ84.5’ ನೋಡಿದ ತಕ್ಷಣ ಗೂಗಲ್ ಮಾಡಿ ಕ್ಯಾನ್ಸರ್ ಎಂದು ತೀರ್ಮಾನಿಸಲೂಬೇಡಿ. ಕೈಬೆರಳ ಮೂಳೆಯಲ್ಲಿ ಬೆಳೆಯುವ ಎನ್‌ಕಾಂಡ್ರೋಮಾದಂಥ ನಿರಪಾಯ ಗಡ್ಡೆಯಿಂದ ಮುರಿದರೂ ಇದೇ ಗುಂಪು. ಗಡ್ಡೆ ಯಾವ ಜಾತಿಯದು ಎಂದು ಹೇಳುವುದು ಜೊತೆಯಲ್ಲಿರುವ ಇನ್ನೊಂದು ಕೋಡ್.

ಕೋಡರ್‌ಗೆ ಇಲ್ಲಿ ಸ್ವಾತಂತ್ರ್ಯ ಕಡಿಮೆ. ಕ್ಯಾನ್ಸರ್ ರೋಗಿಯೊಬ್ಬರು ಬೈಕ್ ಅಪಘಾತದಲ್ಲಿ ಕಾಲು ಮುರಿದುಕೊಂಡರೆ ಅದು ‘ಎಸ್’ ಕೋಡೇ. ಕ್ಯಾನ್ಸರ್ ಇದೆ, ಮುರಿತವೂ ಇದೆ, ಹಾಗಾಗಿ ಗಡ್ಡೆಯಿಂದಲೇ ಇರಬೇಕು ಎಂದು ಕೋಡರ್ ಊಹಿಸುವಂತಿಲ್ಲ. ವೈದ್ಯರು ಬರೆದಿರಬೇಕು, ಬರೆಯದಿದ್ದರೆ ಕೇಳಬೇಕು.

ದುಡ್ಡಿನ ವಿಚಾರವೂ ಇದೆ, ಇಲ್ಲ ಎನ್ನಲಾಗದು. ವೈಯಕ್ತಿಕ ಅಪಘಾತ ವಿಮೆ ಕೇಳುವುದೇ ಹೊರಗಿನ ಕಾರಣದಿಂದಾದ ಆಕಸ್ಮಿಕ ಘಟನೆಯನ್ನು. ಹೊಸದಾಗಿ ಆರೋಗ್ಯ ವಿಮೆ ಮಾಡಿಸಿದರೆ ಸಾಮಾನ್ಯವಾಗಿ ಮೊದಲ 30 ದಿನ ಕಾಯಿಲೆಗಳ ಖರ್ಚು ಸಿಗುವುದಿಲ್ಲ, ಅಪಘಾತಕ್ಕೆ ಮಾತ್ರ ವಿನಾಯಿತಿ. ಹೀಗಾಗಿ “ಬಿದ್ದಿದ್ದು ಎಂದಷ್ಟೇ ಬರೆದುಬಿಡಿ ಡಾಕ್ಟ್ರೇ” ಎನ್ನುವ ಮನೆಯವರಿದ್ದಾರೆ. ಸಂಕಟ ಅರ್ಥವಾಗುತ್ತದೆ, ಆದರೆ ಇದು ದುಬಾರಿ ಕೋರಿಕೆ. ವಿಮೆ ಕಂಪನಿ ಕೋಡ್ ಒಂದನ್ನೇ ಅಲ್ಲ, ಸ್ಕ್ಯಾನ್, ಬಯಾಪ್ಸಿ ವರದಿಗಳನ್ನೂ ತರಿಸಿ ನೋಡಬಹುದು. ಅದಕ್ಕಿಂತ ದೊಡ್ಡ ಅಪಾಯ ದೇಹಕ್ಕೆ. ಮೂಳೆಯಲ್ಲೇ ಹುಟ್ಟಿದ ಸಾರ್ಕೋಮಾವನ್ನು ಸಾದಾ ಮುರಿತವೆಂದುಕೊಂಡು ಬಯಾಪ್ಸಿ ಇಲ್ಲದೆ ರಾಡ್ ಹಾಕಿದರೆ, ಕ್ಯಾನ್ಸರ್ ಕೋಶಗಳು ಮೂಳೆಯುದ್ದಕ್ಕೂ ಚದುರಬಹುದು. ಉಳಿಸಬಹುದಾಗಿದ್ದ ಕಾಲನ್ನು ತೆಗೆಯಬೇಕಾದೀತು. ಕಾರಣ ಸರಿಯಾಗಿ ದಾಖಲಾಗಿದ್ದರೆ ಮುಂದಿನ ವೈದ್ಯರು ರೇಡಿಯೋಥೆರಪಿ, ಜೋಲೆಡ್ರಾನಿಕ್ ಆಮ್ಲದಂಥ ಮೂಳೆ ಬಲಪಡಿಸುವ ಔಷಧ, ಉಳಿದ ಮೂಳೆಗಳ ಸ್ಕ್ಯಾನ್ ಬಗ್ಗೆ ಯೋಚಿಸುತ್ತಾರೆ. ‘ಬಿದ್ದು ಮುರಿತ’ ಎಂದಿದ್ದರೆ ಪ್ಲಾಸ್ಟರ್ ಬಿಚ್ಚಿ ಮನೆಗೆ ಕಳಿಸಿಯಾರು.

ಮುರಿಯುವ ಮುಂಚೆಯೇ ಗೊತ್ತಾದರೆ ಇನ್ನೂ ಒಳ್ಳೆಯದು. 1989ರಲ್ಲಿ ಬಂದ ಮಿರೆಲ್ಸ್ ಸ್ಕೋರ್ ಇದಕ್ಕೆಂದೇ ಇದೆ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆ, ನೋವು ಎಷ್ಟು ಎಂಬುದಕ್ಕೆ ಅಂಕ ಕೊಟ್ಟು, ಒಟ್ಟು 12ರಲ್ಲಿ 9 ಅಥವಾ ಹೆಚ್ಚು ಬಂದರೆ ಮುರಿಯುವ ಮೊದಲೇ ಆಪರೇಷನ್ ಮಾಡಿ ಮೂಳೆಗೆ ಆಸರೆ ಕೊಡುವ ಸಲಹೆ ನೀಡುತ್ತಾರೆ. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ರಾತ್ರಿ ಎಬ್ಬಿಸುವ ಮೂಳೆ ನೋವು, ಕಾಲೂರಿದರೆ ಹೆಚ್ಚುವ ನೋವು ಬಂದರೆ ಎಣ್ಣೆ ತಿಕ್ಕುತ್ತಾ ಕೂರದೆ ಎಕ್ಸ್‌ರೇ ಮಾಡಿಸಿ. ಬೆನ್ನುನೋವಿನ ಜೊತೆ ಕಾಲಲ್ಲಿ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಡಿಸ್ಚಾರ್ಜ್ ಕಾಗದದಲ್ಲಿ ಕಾರಣ ತಪ್ಪಾಗಿದೆ ಅನ್ನಿಸಿದರೆ ಬಿಲ್ಲಿಂಗ್ ಕೌಂಟರಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಚಿಕಿತ್ಸೆ ಕೊಟ್ಟ ವೈದ್ಯರನ್ನು ಕಂಡು “ಈ ಮುರಿತಕ್ಕೆ ಕಾರಣ ಏನೆಂದು ಬರೆದಿದ್ದೀರಿ?” ಎಂದು ಕೇಳಿ. ಅವರು ತಿದ್ದಿ ಸಹಿ ಮಾಡಿದ ಮೇಲೆ ಕೋಡ್ ಬದಲಾಗಬಹುದು. ತಿದ್ದಿದ ಪ್ರತಿಯನ್ನು ಎಕ್ಸ್‌ರೇ, ಬಯಾಪ್ಸಿ ವರದಿಗಳ ಜೊತೆ ಒಂದೇ ಫೈಲಿನಲ್ಲಿಟ್ಟುಕೊಳ್ಳಿ, ಫೋನಿನಲ್ಲಿ ಫೋಟೋ ಕೂಡ ಇರಲಿ.